ಬುದ್ಧಹಸ್ತ

ಮಾದಳದ ಜಾತಿಗೆ ಸೇರಿದ, ಚೀನೀಯರು 'ಫೋಶೌ' ಎಂದರೆ ಬುದ್ಧನ ಕೈ ಎಂದು ಕರೆಯುವ ಫಲ. ಹೂವಿನ ಅಂಡಾಶಯದ ಭಾಗಗಳು ಕೂಡಿಕೊಳ್ಳದೆ ಬೇರೆ ಬೇರೆಯಾಗಿ ಬೆಳೆಯುವುದರಿಂದ ಈ ಹಣ್ಣು ಹೊಂಬಣ್ಣದ ಬೆರಳುಗಳಾಗಿ ಸೀಳಿರುತ್ತದೆ. ಒಳಗೆ ತೊಳೆಯಾಗಲಿ ರಸವಾಗಲಿ ಸಾಮಾನ್ಯವಾಗಿ ಇರದೆ, ದಪ್ಪನೆಯ ಬಿಳಿಯ ತಿರುಳೂ ಸಿಪ್ಪೆಯ ತುಂಬ ಪರಿಮಳವೂ ಮಾತ್ರ ಇರುತ್ತವೆ. ಹಿಂಡಿದರೆ ಹನಿಯೂ ಬಾರದ ಹಣ್ಣೊಂದು ಚಿತ್ತಕ್ಲೇಶಕ್ಕೆ ಔಷಧವೆನಿಸಿದುದು ಈ ಪರಿಮಳದ ದೆಸೆಯಿಂದಲೇ.

ಮಾದಳದ ತವರು ಹಿಮಾಲಯದ ಪೂರ್ವದ ತಪ್ಪಲೂ ಅದರ ನೆರೆನಾಡುಗಳೂ ಆಗಿದ್ದು, ಆಯುರ್ವೇದವು ಅದನ್ನು ಮಾತುಲುಂಗ, ಬೀಜಪೂರ ಎಂಬ ಹೆಸರುಗಳಿಂದ ಬಲ್ಲದು. ಬುದ್ಧಹಸ್ತವನ್ನು ಬೌದ್ಧಭಿಕ್ಷುಗಳು ಭರತಖಂಡದಿಂದ ಚೀನಾಕ್ಕೆ ಒಯ್ದರೆಂಬ ಐತಿಹ್ಯವುಂಟು. ಸುಂಗ್ ವಂಶದ ಕಾಲದಲ್ಲಿ, 1061ರಲ್ಲಿ ಸಿದ್ಧವಾದ ಸಚಿತ್ರ ಔಷಧಗ್ರಂಥದಲ್ಲಿ ಸು ಸುಂಗನು ಮಾದಳವನ್ನು ವರ್ಣಿಸುತ್ತ, ಬಟ್ಟೆಯ ಪೆಟ್ಟಿಗೆಯಲ್ಲಿರಿಸಿದರೆ ಅದರ ಸುಗಂಧವು ದಿನಗಟ್ಟಲೆ ನಿಲ್ಲುವುದನ್ನು ಹೇಳಿದ್ದಾನೆ. 1578ರಲ್ಲಿ 'ಬೆಂಚಾವ್ ಗಾಂಗ್‌ಮು' ಎಂಬ ಮಹಾಕೋಶವನ್ನು ಮುಗಿಸಿದ ಲೀ ಷಿಜನ್ ಮಾದಳದ ಪ್ರಕರಣದಲ್ಲಿಯೇ ಮನುಷ್ಯನ ಕೈಯನ್ನು ಹೋಲುವ ಈ ಫಲವನ್ನು ಹೆಸರಿಸುತ್ತಾನೆ.

ಚೀನೀ ವೈದ್ಯರು ಚಿಂತೆಯನ್ನು ಮನಸ್ಸಿನ ಸಂಗತಿ ಮಾತ್ರವೆಂದು ಎಣಿಸಿದವರಲ್ಲ. ಅವರ ಪ್ರಾಚೀನ ಮೂಲಗ್ರಂಥವಾದ 'ಹ್ವಾಂಗ್‌ಡಿ ನೇಯ್‌ಜಿಂಗ್'ನ ಮತದಂತೆ, ಎಡೆಬಿಡದ ಆಲೋಚನೆಯು 'ಚಿ' ಎಂಬ ಪ್ರಾಣಶಕ್ತಿಯನ್ನು ಗಂಟುಕಟ್ಟಿಸುತ್ತದೆ; ಪ್ರಾಣವನ್ನು ಸರಾಗವಾಗಿ ಹರಿಯಗೊಡುವ ಯಕೃತ್ತು ಈ ತಡೆಗೆ ಸಿಕ್ಕಿದಾಗ ಪಕ್ಕೆ ಬಿಗಿಯುವುದು, ಎದೆ ಕಟ್ಟುವುದು, ನಿಟ್ಟುಸಿರು ಮೇಲಿಂದ ಮೇಲೆ ಬರುವುದು, ಹೊಟ್ಟೆಗೆ ಅನ್ನ ಸೇರದಿರುವುದು. ಕಟು, ತಿಕ್ತ, ಆಮ್ಲ ರಸಗಳಿಂದಲೂ ಉಷ್ಣಗುಣದಿಂದಲೂ ಕೂಡಿದ ಬುದ್ಧಹಸ್ತವು ಆ ಗಂಟನ್ನು ಸಡಿಲಿಸಿ, ಜಠರಕ್ಕೆ ಹಸಿವನ್ನು ಮರಳಿಸಿ, ಕಫವನ್ನು ಕರಗಿಸುವುದೆಂದು ಅವರ ನಂಬಿಕೆ. ಎಳೆಯ ಕಿತ್ತಳೆಯ ಹಸಿರು ಸಿಪ್ಪೆಯಂಥ ಉಗ್ರದ್ರವ್ಯಗಳು ಅದೇ ಕೆಲಸವನ್ನು ರಭಸದಿಂದ ಮಾಡಿ ದೇಹವನ್ನು ಒಣಗಿಸಬಲ್ಲವು. ಬುದ್ಧಹಸ್ತವಾದರೋ ಮೃದು, ಮತ್ತು ನೊಂದು ಬಳಲಿದವರಿಗೆ ಕೊಡುವ ಮದ್ದಿನಲ್ಲಿ ಮೃದುತ್ವಕ್ಕಿಂತ ದೊಡ್ಡ ಗುಣವಿಲ್ಲ.

ಹಣ್ಣನ್ನು ಶರತ್ಕಾಲದಲ್ಲಿ, ಹಳದಿ ಏರುತ್ತಿರುವಾಗ ಕೊಯ್ದು, ಉದ್ದುದ್ದವಾಗಿ ತೆಳುವಾಗಿ ಹೆಚ್ಚಿ ಒಣಗಿಸುತ್ತಾರೆ. ಕಷಾಯಕ್ಕೆ 3ರಿಂದ 10 ಗ್ರಾಂ ಪ್ರಮಾಣ. ಕೊನ್ನಾರಿಗೆಡ್ಡೆ ಇದರ ಸಾಮಾನ್ಯ ಸಂಗಾತಿ. ಗ್ವಾಂಗ್‌ಡಾಂಗ್, ಸಿಚ್ವಾನ್ ಮತ್ತು ಜೆಜಿಯಾಂಗ್ ಪ್ರಾಂತಗಳ ಬೆಳೆಗೆ ಬೇರೆ ಬೇರೆ ಹೆಸರುಗಳುಂಟು; ಜೆಜಿಯಾಂಗಿನ ಜಿನ್‌ಹ್ವಾ ಊರು ಇದಕ್ಕೆ ವಿಶೇಷವಾಗಿ ಖ್ಯಾತವಾದುದು.

ಔಷಧಾಲಯದ ಹೊರಗೂ ಈ ಫಲಕ್ಕೆ ಮನ್ನಣೆಯಿದೆ. ಹೆಸರಿನ ಉಚ್ಚಾರವು ಭಾಗ್ಯ ಮತ್ತು ದೀರ್ಘಾಯುಷ್ಯಗಳನ್ನು ಸೂಚಿಸುವ ಪದಗಳಿಗೆ ಹತ್ತಿರವಾದುದರಿಂದ ಪೀಚ್ ಮತ್ತು ದಾಳಿಂಬೆಗಳ ಜೊತೆಗೆ ಇದನ್ನು ಮಂಗಳಚಿತ್ರಗಳಲ್ಲಿ ಬರೆಯುತ್ತಾರೆ. 18ನೆಯ ಶತಮಾನದ 'ಕೆಂಪು ಮಹಲಿನ ಕನಸು' ಕಾದಂಬರಿಯಲ್ಲಿ ತಾನ್‌ಚುನ್ ಎಂಬ ಕನ್ಯೆಯ ಕೋಣೆಯೊಳಗೆ ದೊಡ್ಡ ಪಿಂಗಾಣಿ ತಟ್ಟೆಯ ಮೇಲೆ ಬುದ್ಧಹಸ್ತಗಳ ರಾಶಿಯಿದೆ. ಹಳ್ಳಿಯ ಮುದುಕಿಯ ಮೊಮ್ಮಗನು ಅದರಲ್ಲೊಂದನ್ನು ಪಡೆದು, ಮುಂದೆ ಆ ಮನೆಯ ಮಗುವಿನ ಚಕ್ಕೋತದೊಡನೆ ಅದಲುಬದಲು ಮಾಡಿಕೊಳ್ಳುತ್ತಾನೆ. ಗ್ವಾಂಗ್‌ಡಾಂಗಿನ ಚಾವ್‌ಷಾನ್ ಸೀಮೆಯ ಗೃಹಿಣಿಯರು ಹಣ್ಣನ್ನು ಉಪ್ಪು ಸಕ್ಕರೆಗಳಲ್ಲಿ ಊರಿಹಾಕಿ, ಬೇಯಿಸಿ ಒಣಗಿಸಿ, ಕಪ್ಪಗೆ ಮೆದುವಾದುದನ್ನು ಭರಣಿಯಲ್ಲಿ ವರ್ಷಗಟ್ಟಲೆ ಇರಿಸಿ, ಹೊಟ್ಟೆ ಉಬ್ಬರಿಸಿದವರಿಗೆ ಒಂದು ಚೂರನ್ನು ಬಿಸಿನೀರಿನಲ್ಲಿ ಕದಡಿ ಕುಡಿಸುತ್ತಾರೆ.