ಕೆಂಪು ಬಾವುಟದಿಂದ ವೇಗನಿಯಂತ್ರಕದವರೆಗೆ

ಕಳೆದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬ ಕಾಯ್ಕಿಣಿಯ ನಮ್ಮ ಮನೆಗೆ ಬಂದಿದ್ದ. ಈಗ ಆತ ಮೀನು ಸಾಗಿಸುವ ಲಾರಿಯ ಚಾಲಕ. ಚಹ ಕುಡಿಯುತ್ತ, "ಮಾಸ್ತರೇ, ನನ್ನ ಗಾಡಿ ಎಂಬತ್ತರ ಮೇಲೆ ಏರುವುದೇ ಇಲ್ಲ. ಹೊತ್ತಿಗೆ ಮುಟ್ಟದಿದ್ದರೆ ಬೈಗುಳ ನನಗೆ, ಬೇಗ ಹೋದರೆ ದಂಡವೂ ನನಗೆ. ಈ ಕಾಯಿದೆ ಮಾಡಿದವರು ಯಾರು?" ಎಂದು ಕೇಳಿದ. ತರಗತಿಯಲ್ಲಿ ಒಂದು ದಿನವೂ ಪ್ರಶ್ನೆ ಕೇಳದಿದ್ದ ಹುಡುಗ! ಅಂದು ಅರ್ಧಕ್ಕೆ ನಿಂತ ಉತ್ತರವನ್ನು ಇಲ್ಲಿ ಪೂರ್ಣಗೊಳಿಸುತ್ತಿದ್ದೇನೆ.

ಕಥೆ ಇಂಗ್ಲೆಂಡಿನಿಂದ ಆರಂಭವಾಗುತ್ತದೆ. ಅಲ್ಲಿನ 1865ರ ಕಾಯಿದೆಯಂತೆ ಯಂತ್ರವಾಹನವು ಹಳ್ಳಿದಾರಿಯಲ್ಲಿ ಗಂಟೆಗೆ 4 ಮೈಲಿ, ಪಟ್ಟಣದಲ್ಲಿ 2 ಮೈಲಿಗಿಂತ ವೇಗವಾಗಿ ಚಲಿಸುವಂತಿರಲಿಲ್ಲ. ಅದರ ಮುಂದೆ 60 ಗಜ ದೂರದಲ್ಲಿ ಒಬ್ಬಾತ ಕೆಂಪು ಬಾವುಟ ಹಿಡಿದು ನಡೆಯಬೇಕಿತ್ತು. 1896ರ ಜನವರಿಯಲ್ಲಿ ವಾಲ್ಟರ್ ಆರ್ನಾಲ್ಡ್ ಎಂಬವರು 8 ಮೈಲಿ ವೇಗದಲ್ಲಿ ಹೋದರೆಂದು ಪೊಲೀಸ್ ಪೇದೆಯೊಬ್ಬ ಸೈಕಲ್ಲಿನಲ್ಲಿ ಬೆನ್ನಟ್ಟಿ ಹಿಡಿದ. ಅದೇ ವರ್ಷ ಹೊಸ ಕಾಯಿದೆ ಬಂದು ಮಿತಿಯು 14 ಮೈಲಿಗೆ ಏರಿತು.

ನಮ್ಮ ದೇಶದಲ್ಲಿ 1914ರಲ್ಲಿ ಮೋಟಾರು ವಾಹನ ಕಾಯಿದೆ ರಚನೆಯಾಯಿತು. 1939ರ ಕಾಯಿದೆ ವಾಹನದ ತೂಕ, ಟಯರಿನ ಬಗೆ, ಹಿಂದೆ ಟ್ರೇಲರ್ ಇದೆಯೇ ಎಂಬುದನ್ನೆಲ್ಲ ನೋಡಿ ವೇಗವನ್ನು ವಿಂಗಡಿಸಿತು. ಅದರ ಸ್ಥಾನದಲ್ಲಿ 1988ರ ಕಾಯಿದೆ 1989ರ ಜುಲೈ 1ರಂದು ಜಾರಿಗೆ ಬಂತು. 2015ರ ಏಪ್ರಿಲ್‌ನಲ್ಲಿ ನಿಯಮ ತಿದ್ದುಪಡಿಯಾಗಿ, ಸಾರಿಗೆ ವಾಹನಗಳಿಗೆ 80 ಕಿಲೋಮೀಟರಿಗೆ ಹೊಂದಿಸಿದ ವೇಗನಿಯಂತ್ರಕ ಕಡ್ಡಾಯವಾಯಿತು. ಟ್ಯಾಂಕರು, ಡಂಪರು, ಶಾಲಾ ಬಸ್ಸುಗಳಿಗೆ ಆ ಮಿತಿ 60. ನಮ್ಮ ಹುಡುಗನ ಲಾರಿಯನ್ನು ತಡೆದು ಹಿಡಿದಿರುವುದು ಇದೇ. 2018ರ ಅಧಿಸೂಚನೆ ಕಾರುಗಳ ಮಿತಿಯನ್ನು ಹೆಚ್ಚಿಸಿದಾಗಲೂ ಸರಕು ವಾಹನಗಳಿಗೆ ಚತುಷ್ಪಥದಲ್ಲಿ 80, ಪಟ್ಟಣದೊಳಗೆ 60 ಎಂದೇ ಹೇಳಿತ್ತು. ಆ ಅಧಿಸೂಚನೆಯನ್ನು 2021ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ರದ್ದುಪಡಿಸಿತು.

ಲಾರಿಗೆ ಮಾತ್ರ ಈ ಬಿಗಿ ಏಕೆ? ಶಾಲೆಯ ಲೆಕ್ಕವನ್ನೇ ನೆನಪಿಸಿಕೊಳ್ಳಿ. 80 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 22 ಮೀಟರು. ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲೇ ಅಷ್ಟು ದೂರ ಸಂದಿರುತ್ತದೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣ. ಆದ್ದರಿಂದ 60ರಿಂದ 80ಕ್ಕೆ ಏರಿದರೆ ಬ್ರೇಕು ಹಿಡಿದ ಮೇಲೆ ಜಾರುವ ದೂರ ಒಂದೂ ಮುಕ್ಕಾಲು ಪಟ್ಟಿಗಿಂತ ಹೆಚ್ಚಾಗುತ್ತದೆ. ಒಂದೇ ವೇಗದಲ್ಲಿ 16 ಟನ್ ಲಾರಿಗೆ 1 ಟನ್ ಕಾರಿನ ಹದಿನಾರು ಪಟ್ಟು ಶಕ್ತಿ. ಇಷ್ಟಾಗಿ ಲಾಭವೇನು? ಭಟ್ಕಳದಿಂದ ಕುಮಟೆಗೆ ಸುಮಾರು 60 ಕಿಲೋಮೀಟರು. ಎಲ್ಲಿಯೂ ನಿಲ್ಲದೆ 80ರಲ್ಲೇ ಓಡಿದರೂ ಉಳಿಯುವುದು ಹದಿನೈದು ನಿಮಿಷ.

ಇನ್ನು ಆತನ ಮುಖ್ಯ ಅಳಲಿಗೆ ಬರುತ್ತೇನೆ. ದಂಡ ಚಾಲಕನೊಬ್ಬನಿಗೇ ಎಂಬುದು ನಿಜವಲ್ಲ. 1988ರ ಕಾಯಿದೆಯ 183ನೆಯ ಕಲಂ, ತನ್ನ ನೌಕರನಿಂದ ಮಿತಿಮೀರಿ ವಾಹನ ಓಡಿಸುವ ಯಜಮಾನನನ್ನೂ ಅಪರಾಧಿಯೆಂದೇ ಎಣಿಸುತ್ತದೆ. 2019ರ ತಿದ್ದುಪಡಿ ಇಬ್ಬರನ್ನೂ ಒಂದೇ ಸಾಲಿಗೆ ತಂದಿತು. ಭಾರಿ ವಾಹನವಾದರೆ ದಂಡ 2,000ದಿಂದ 4,000 ರೂಪಾಯಿ. ಅದಕ್ಕಿಂತ ಮಿಗಿಲಾದುದು ಅದೇ ಕಲಮಿನ ಇನ್ನೊಂದು ಮಾತು: ವೇಗಮಿತಿ ಮೀರದೆ ತಲುಪಲಾಗದ ಅವಧಿಯನ್ನು ಯಜಮಾನ ಗೊತ್ತುಪಡಿಸಿದ್ದರೆ, ಆ ಆಜ್ಞೆಯೇ ಅವನ ವಿರುದ್ಧ ಮೇಲುನೋಟದ ಸಾಕ್ಷ್ಯ.

2025ರ ಜನವರಿ 22ರ ಬೆಳಗಿನ ಜಾವ, ಸವಣೂರಿನಿಂದ ಕುಮಟೆಯ ಸಂತೆಗೆ ಹೊರಟಿದ್ದ ಹಣ್ಣು-ತರಕಾರಿಯ ಲಾರಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ ಕಮರಿಗೆ ಉರುಳಿ, ಮೇಲೆ ಕುಳಿತಿದ್ದ ಹತ್ತು ಜನ ಬಡ ವ್ಯಾಪಾರಿಗಳು ತೀರಿಹೋದರು. ಅದಕ್ಕೆ ವೇಗವೇ ಕಾರಣವೆಂದು ನಾನು ಹೇಳುವುದಿಲ್ಲ. ಆದರೆ ಸಂತೆಯ ಹೊತ್ತಿಗೆ ಮುಟ್ಟಬೇಕಾದ ಸರಕಿನ ಜೊತೆ ಎಷ್ಟು ಜೀವಗಳು ಪಯಣಿಸುತ್ತವೆ ಎಂಬುದನ್ನು ಮರೆಯಲಾಗದು.

ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಚಾಲಕರು, ಕೆಲವರು ಲಾರಿಗಳ ಮಾಲೀಕರು. ಚಾಲಕರಿಗಿಂತ ಮಾಲೀಕರಾದ ನಿಮಗೇ ಈ ಮಾತು: ರಾತ್ರಿ ಫೋನು ಮಾಡಿ "ಎಲ್ಲಿದ್ದೀಯೋ? ಬೇಗ ಬಾ" ಎನ್ನುವ ಮೊದಲು ಒಮ್ಮೆ ಯೋಚಿಸಿ. ಬಾವುಟ ಹಿಡಿದು ಲಾರಿಯ ಮುಂದೆ ನಡೆಯುವವರು ಈಗ ಯಾರೂ ಇಲ್ಲ. ಆ ಕೆಲಸ ನಿಮ್ಮದೇ.