ಅಪ್ಪಣೆ ಕೇಳದ ಟೆಲಿವಿಷನ್ನು

ಹಳ್ಳಿಯ ಚರಿತ್ರೆ ಬರೆಯಹೊರಟವರು ಶಾಸನಗಳನ್ನು ಹುಡುಕುತ್ತಾರೆ, ವೀರಗಲ್ಲುಗಳ ಮುಂದೆ ನಿಲ್ಲುತ್ತಾರೆ. ಮೊನ್ನೆ ಮೊನ್ನೆಯವರೆಗೆ ನಡೆದು ಸದ್ದಿಲ್ಲದೆ ನಿಂತುಹೋದ ಸಂಗತಿ ಅವರ ಲೆಕ್ಕಕ್ಕೆ ಬರುವುದಿಲ್ಲ. ಕೇಬಲ್ ತಂತಿಯ ಮೇಲೆ ಊರವರೇ ಹವ್ಯಾಸಕ್ಕಾಗಿ ನಡೆಸಿದ ಟೆಲಿವಿಷನ್ನು ಅಂಥದೊಂದು. ಅದನ್ನು ಕಂಡವರು ನಮ್ಮ ಗದಗು ಮುಂಡರಗಿಗಳ ಕಡೆ ಇನ್ನೂ ಬಹಳ ಮಂದಿ ಇದ್ದಾರೆ. ಅವರಿರುವಾಗಲೇ ಬರೆದಿಡುವುದು ಲೇಸೆಂದು ನನಗೆ ತೋರಿತು.

ಡೋಣಿ ಕಪ್ಪತಗುಡ್ಡದ ಸೆರಗಿನ ಊರು. ಟೆಲಿವಿಷನ್ನು ಇಲ್ಲಿಗೆ ತಡವಾಗಿಯೇ ಬಂದಿತು. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಚಿತ್ರ ತೋರಿಸುವ ಪ್ರಯೋಗ ನಡೆಯಿತಷ್ಟೆ. ನೆರೆಯ ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಆ ಭಾಗ್ಯ ಒದಗಿತು. ಅಂದು ಧಾರವಾಡ ಜಿಲ್ಲೆಗೆ ಸೇರಿದ್ದ ನಮಗೆ ಒದಗಲಿಲ್ಲ. 1991ರ ಕೊಲ್ಲಿ ಯುದ್ಧದ ತರುವಾಯ ದೇಶದ ತುಂಬ ಛತ್ರಿಯಾಕಾರದ ಡಿಶ್ಶುಗಳು ತಲೆಯೆತ್ತಿದವು. ಉತ್ಸಾಹಿಯೊಬ್ಬ ಮಾಳಿಗೆಯ ಮೇಲೆ ಡಿಶ್ಶು ನಿಲ್ಲಿಸಿ, ಕಂಬದಿಂದ ಕಂಬಕ್ಕೆ, ಬೇವಿನ ಮರದಿಂದ ಮರಕ್ಕೆ ತಂತಿ ಎಳೆದರೆ ಆಯಿತು. 1994ರಲ್ಲಿ ಸುಗ್ರೀವಾಜ್ಞೆ, 1995ರಲ್ಲಿ ಕಾಯದೆ ಬಂದು, ಇಂಥವರು ಪ್ರಧಾನ ಅಂಚೆ ಕಛೇರಿಯಲ್ಲಿ ಹೆಸರು ನೋಂದಾಯಿಸಬೇಕಾಯಿತು. ಕಾಗದ ಹಂಚುವ ಕಛೇರಿಯೇ ಚಿತ್ರ ಹಂಚುವವರ ಪಟ್ಟಿಯನ್ನೂ ಇಟ್ಟುಕೊಂಡದ್ದು ನನಗೆ ಈಗಲೂ ಸೊಗಸೆನಿಸುತ್ತದೆ.

ಆ ತಂತಿಯಲ್ಲಿ ಜಾಗ ಖಾಲಿ ಉಳಿಯುತ್ತಿತ್ತು. ಒಂದೊಂದು ಚಾನೆಲ್ಲಿಗೆ 7 ಇಲ್ಲವೆ 8 ಮೆಗಾಹರ್ಟ್ಸ್ ಅಗಲದ ಮನೆ. ಖಾಲಿ ಮನೆಯೊಂದಕ್ಕೆ ಮಾಡ್ಯುಲೇಟರ್ ಎಂಬ ಸಣ್ಣ ಪೆಟ್ಟಿಗೆಯ ಮೂಲಕ ವಿ.ಸಿ.ಆರ್.ನ ಚಿತ್ರವನ್ನು ಕೂಡಿಸಿದರೆ, ಊರಿನ ಎಲ್ಲ ತೆರೆಗಳ ಮೇಲೆ ಅದು ಮೂಡುತ್ತಿತ್ತು. ಮೊದಮೊದಲು ಬಾಡಿಗೆ ಕ್ಯಾಸೆಟ್ಟಿನ ಸಿನೆಮಾ. ಹಕ್ಕಿನ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಆಮೇಲೆ ಮದುವೆಯ ಚಿತ್ರ ತೆಗೆಯುವ ಕ್ಯಾಮರಾ ಜಾತ್ರೆಗೂ ಬಂತು. ತೇರು ಎಳೆದದ್ದು, ಭಜನೆ, ದೊಡ್ಡಾಟ, ಊರ ಹುಡುಗರು ಆಡಿದ ನಾಟಕ, ಇವೆಲ್ಲ ತಂತಿಯ ಮೇಲೆ ಹರಿದವು. ನಾಟಕದಲ್ಲಿ ಪಾತ್ರಧಾರಿಗಿಂತ ಮೊದಲು ಹಿಂದೆ ನಿಂತು ಮಾತು ಎತ್ತಿಕೊಡುವವನ ದನಿಯೇ ಕೇಳಿಸುತ್ತಿತ್ತು. ಆದರೂ ಜನ ಎರಡು ಸಲ, ಮೂರು ಸಲ ನೋಡಿದರು. ದಿಲ್ಲಿಯ, ಮುಂಬಯಿಯ ಮುಖಗಳನ್ನು ನೋಡಿ ಬೇಸತ್ತ ಕಣ್ಣಿಗೆ ತನ್ನ ಓಣಿಯ ಮುಖ ಕಂಡರೆ ಆಗುವ ಸಂತೋಷ ಬೇರೆ.

ಇದಕ್ಕೆ ಅಪ್ಪಣೆ ಇತ್ತೇ? ಅಂಚೆ ಕಛೇರಿಯ ನೋಂದಣಿ ತಂತಿಗೆ. ತಾನೇ ಮಾಡಿದ ಚಾನೆಲ್ಲಿಗೆ ಬೇರೆ ಅಪ್ಪಣೆಯನ್ನು ಯಾರೂ ಕೊಡಲಿಲ್ಲ, ಯಾರೂ ಕೇಳಲೂ ಇಲ್ಲ. ಅದೇ ಚಿತ್ರವನ್ನು ಆಕಾಶಕ್ಕೆ ಬಿಟ್ಟಿದ್ದರೆ 1885ರ ತಂತಿ ಕಾಯದೆಯೂ 1933ರ ನಿಸ್ತಂತು ಕಾಯದೆಯೂ ಬೆನ್ನು ಹತ್ತುತ್ತಿದ್ದವು. ಅಲೆಗಳು ಸಾರ್ವಜನಿಕರ ಸ್ವತ್ತೆಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿತ್ತು, ನಿಜ. ಆದರೂ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ಯವರು 2003ರಲ್ಲಿ ರೇಡಿಯೋ ಪರವಾನಗಿ ಸಿಕ್ಕದೆ ತಮ್ಮ ದನಿಯನ್ನು ಕೇಬಲ್ಲಿನ ಮೇಲೆಯೇ ಕಳಿಸಬೇಕಾಯಿತು. ಹವ್ಯಾಸಿಗಳ ಕೆಲಸವೆಂದು ಇದನ್ನು ಹಗುರಾಗಿ ಎಣಿಸುವವರು ಮೈಸೂರನ್ನು ನೆನೆಯಲಿ: 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಸಣ್ಣದೊಂದು ಯಂತ್ರವಿಟ್ಟು ಬಿತ್ತರ ಆರಂಭಿಸದಿದ್ದರೆ ‘ಆಕಾಶವಾಣಿ’ ಎಂಬ ಹೆಸರೇ ದೇಶಕ್ಕೆ ಸಿಕ್ಕುತ್ತಿರಲಿಲ್ಲ.

2011ರಲ್ಲಿ ಕಾಯದೆಗೆ ತಿದ್ದುಪಡಿಯಾಗಿ ಕೇಬಲ್ಲೆಲ್ಲ ಡಿಜಿಟಲ್ ಆಗತಕ್ಕದ್ದೆಂದಾಯಿತು. ಪಟ್ಟಣಗಳಿಗೆ 2015ರ ಕೊನೆ, ಹಳ್ಳಿಗಳಿಗೆ 2016ರ ಕೊನೆ, ಆಮೇಲೆ 2017ರ ಮಾರ್ಚ್ 31 ಗಡುವು. ಊರಿನ ಚಾನೆಲ್ಲನ್ನು ಮುಚ್ಚಿರೆಂದು ಯಾರೂ ಆಜ್ಞೆ ಮಾಡಲಿಲ್ಲ. ನನ್ನ ಕಥೆಯ ಕೀಲು ಇಲ್ಲಿದೆ. ಚಿತ್ರಗಳು ಈಗ ದೂರದ ನಗರದ ಕೇಂದ್ರದಲ್ಲಿ ಮೂಟೆಯಾಗಿ, ಬೀಗ ಹಾಕಿಸಿಕೊಂಡು ಬರುತ್ತವೆ; ಬೀಗದ ಕೈ ಮನೆಯ ಸೆಟ್‌ಟಾಪ್ ಪೆಟ್ಟಿಗೆಯಲ್ಲಿ. ಹಳೆಯ ಮಾಡ್ಯುಲೇಟರನ್ನು ತಂತಿಗೆ ಕೂಡಿಸಬಹುದು. ಆದರೆ ಆ ಪೆಟ್ಟಿಗೆ ಅದನ್ನು ಕಾಣುವುದೇ ಇಲ್ಲ. ಊರಿನ ಕೇಬಲ್ಲಿನವನು ತಂತಿ ಕಾಯುವವನೂ ಹಣ ವಸೂಲು ಮಾಡುವವನೂ ಆಗಿ ಉಳಿದ. ಇಟಲಿಯ ಬೊಲೊನ್ಯಾದಲ್ಲಿ 2002ರಲ್ಲಿ ಒಂದು ಓಣಿಯವರು ಓರ್ಫೇವೋ ಎಂಬ ಟೆಲಿವಿಷನ್ನನ್ನು ಖಾಲಿ ಅಲೆಯೊಂದರ ಮೇಲೆ ಅಪ್ಪಣೆಯಿಲ್ಲದೆ ನಡೆಸಿದ್ದರು. 2012ರ ಹೊತ್ತಿಗೆ ಆ ದೇಶವೆಲ್ಲ ಡಿಜಿಟಲ್ಲಾಗಿ, ಅಂಥ ಹಳೆಯ ಅಲೆಯ ಜಾಗವೇ ಉಳಿಯಲಿಲ್ಲ.

ನಮ್ಮಲ್ಲಿ ನಿಯಮ ಬಂದದ್ದು ಆಟ ಮುಗಿದ ಮೇಲೆ. 2022ರ ನವೆಂಬರಿನ ಮಾರ್ಗಸೂಚಿಯಂತೆ ದೊಡ್ಡ ಕೇಬಲ್ ಸಂಸ್ಥೆಗಳು ಚಾನೆಲ್ಲಿಗೆ 1000 ರೂಪಾಯಿ ಕಟ್ಟಿ ನೋಂದಾಯಿಸಿ ಸ್ಥಳೀಯ ಕಾರ್ಯಕ್ರಮ ಕೊಡಬಹುದು. ಜಿಲ್ಲೆಯ ಮಟ್ಟದಲ್ಲಿ 2 ಚಾನೆಲ್ಲುಗಳಿಗೆ ಅವಕಾಶವುಂಟು. ಹಣ ಹೆಚ್ಚಲ್ಲ, ಆದರೆ ಜಿಲ್ಲೆಗೆ ಎರಡೆಂದರೆ ಡೋಣಿಯ ಪಾಳಿ ಎಂದಿಗೆ? ತೋರಿಸಿದ್ದರ ಪ್ರತಿಯನ್ನು 90 ದಿನ ಕಾಪಾಡಬೇಕೆಂಬ ಕಟ್ಟಳೆಯೂ ಅದರಲ್ಲಿದೆ. ಅಂಥ ಕಟ್ಟಳೆ ಮೊದಲೇ ಇದ್ದಿದ್ದರೆ ಎಷ್ಟೋ ದೊಡ್ಡಾಟಗಳು ಉಳಿಯುತ್ತಿದ್ದವೇನೋ. ಒಂದೇ ಕ್ಯಾಸೆಟ್ಟಿನ ಮೇಲೆ ಹೋದ ವರ್ಷದ ಜಾತ್ರೆಯನ್ನು ಅಳಿಸಿ ಈ ವರ್ಷದ್ದನ್ನು ತುಂಬುವುದು ಆಗಿನ ರೂಢಿ.

ನಮ್ಮ ಕಡೆಯ ಒಬ್ಬರ ಅಟ್ಟದ ಮೇಲೆ ಈಚೆಗೆ 14 ಕ್ಯಾಸೆಟ್ಟುಗಳು ಸಿಕ್ಕಿವೆ. ಎರಡಕ್ಕೆ ಬೂಷ್ಟು ಹಿಡಿದಿದೆ. ಒಂದರ ಬೆನ್ನಿಗೆ ‘ಜಾತ್ರಿ’ ಎಂದಷ್ಟೇ ಬರೆದಿದೆ; ವರ್ಷವಿಲ್ಲ. ವಾಚಕರಲ್ಲಿ ಯಾರ ಮನೆಯಲ್ಲಾದರೂ ಇನ್ನೂ ನಡೆಯುವ ವಿ.ಸಿ.ಆರ್. ಇದ್ದರೆ ದಯಮಾಡಿ ಈ ಪತ್ರಿಕೆಯ ಮೂಲಕ ತಿಳಿಸಬೇಕು.