ಮುಕ್ತ ತಂತ್ರಾಂಶಕ್ಕೆ ಬಳಕೆದಾರರ ಕಾಣಿಕೆ

ವಿಎಲ್‌ಸಿ, ಲಿಬ್ರೆಆಫೀಸ್‌ನಂಥ ತಂತ್ರಾಂಶಗಳನ್ನು ಯಾರು ಬೇಕಾದರೂ ಕಾಸು ಕೊಡದೆ ಇಳಿಸಿಕೊಳ್ಳಬಹುದು. ಅವುಗಳ ಸೋರ್ಸ್ ಕೋಡ್ ಓದಿ, ತಿದ್ದಿ, ಹಂಚಲೂಬಹುದು. ಆದರೆ ಅವುಗಳ ದೋಷ ಸರಿಪಡಿಸುವವರ ದುಡಿಮೆಗೆ, ಸರ್ವರ್‌ಗಳಿಗೆ ಖರ್ಚು ಇದ್ದೇ ಇದೆ. ಆ ಖರ್ಚಿನ ಒಂದು ಪಾಲನ್ನು ಬಳಕೆದಾರರೇ ಮನಸಾರೆ ಹೊತ್ತು ಹಲವು ಯೋಜನೆಗಳನ್ನು ಉಳಿಸಿದ್ದಾರೆ.

ಬ್ಲೆಂಡರ್‌ನ ಬಿಡುಗಡೆ

ಬ್ಲೆಂಡರ್ ಮೂರು ಆಯಾಮದ ಅನಿಮೇಷನ್ ತಯಾರಿಸುವ ತಂತ್ರಾಂಶ. ನೆದರ್‌ಲೆಂಡ್ಸ್‌ನ ಟಾನ್ ರೂಸೆಂಡಾಲ್ ಅದನ್ನು ರೂಪಿಸಿದರು. 2002ರಲ್ಲಿ ಅವರ ಕಂಪನಿ ಮುಚ್ಚಿಹೋಯಿತು. ಹಕ್ಕುಗಳು ಹೂಡಿಕೆದಾರರ ಕೈಯಲ್ಲೇ ಉಳಿದವು. 1 ಲಕ್ಷ ಯೂರೊ ಕೊಟ್ಟರೆ ಕೋಡನ್ನು ಬಿಟ್ಟುಕೊಡಲು ಅವರು ಒಪ್ಪಿದರು. ರೂಸೆಂಡಾಲ್ ಬಳಕೆದಾರರ ಮುಂದೆ ಮನವಿ ಇಟ್ಟರು. ಏಳೇ ವಾರಗಳಲ್ಲಿ ಹಣ ಕೂಡಿತು. ಅದೇ ವರ್ಷದ ಅಕ್ಟೋಬರ್ 13ರಂದು ಬ್ಲೆಂಡರ್ ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಎಲ್ಲರದ್ದಾಯಿತು, ಒಂದು ಪೈಸೆ ಕೊಡದವರದ್ದೂ. ಬ್ಲೆಂಡರ್‌ನಲ್ಲೇ ತಯಾರಾದ ಲಾಟ್ವಿಯಾದ ನಿರ್ದೇಶಕರೊಬ್ಬರ ‘ಫ್ಲೋ’ ಚಿತ್ರ 2025ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರಕ್ಕಿರುವ ಆಸ್ಕರ್ ಗೆದ್ದಿತು. ದೇಣಿಗೆಯ ಬಲ ಇಷ್ಟು ಸ್ಪಷ್ಟವಾಗಿ ಕಾಣುವ ಉದಾಹರಣೆ ಅಪರೂಪ.

ಕಣ್ಣಿಗೆ ಬೀಳದ ಕೋಡ್

ದಿನವೂ ತೆರೆದು ಕೆಲಸ ಮಾಡುವ ತಂತ್ರಾಂಶದ ಮೇಲೆ ಅಕ್ಕರೆ ಹುಟ್ಟುತ್ತದೆ. ಅದರೊಳಗೆ ಸದ್ದಿಲ್ಲದೆ ದುಡಿಯುವ ಲೈಬ್ರರಿಗಳ ಹೆಸರೇ ಬಹುಪಾಲು ಜನರಿಗೆ ಗೊತ್ತಿರುವುದಿಲ್ಲ. ಓಪನ್‌ಎಸ್‌ಎಸ್‌ಎಲ್ ಅಂಥದ್ದು. ಜಾಲತಾಣಗಳಿಗೆ ಕಳಿಸುವ ಪಾಸ್‌ವರ್ಡ್, ಕಾರ್ಡ್ ಸಂಖ್ಯೆ ಬೇರೆಯವರ ಕೈಗೆ ಸಿಗದಂತೆ ಗೂಢಲಿಪಿಗೆ ತಿರುಗಿಸುವುದು ಅದರ ಕೆಲಸ. 2014ರ ಏಪ್ರಿಲ್‌ನಲ್ಲಿ ಅದರಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೊಡ್ಡ ಲೋಪ ಬಯಲಾದಾಗ ಇನ್ನೊಂದು ಸಂಗತಿಯೂ ಹೊರಬಿತ್ತು: ಜಗತ್ತಿನ ಅಸಂಖ್ಯ ಸರ್ವರ್‌ಗಳು ನೆಚ್ಚಿಕೊಂಡಿದ್ದ ಆ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರೇ. ಓಪನ್‌ಎಸ್‌ಎಸ್‌ಎಲ್‌ನಿಂದ ಲಾಭ ಗಳಿಸುತ್ತಿದ್ದ ಕಂಪನಿಗಳಿಗೆ ಇದು ನಾಚಿಕೆಯ ವಿಷಯವೇ ಸರಿ. ಇಮೇಲ್ ಗೂಢಲಿಪೀಕರಣದ ತಂತ್ರಾಂಶ ಗ್ನೂಪಿಜಿಯನ್ನು ಬಹುಕಾಲ ಹೆಚ್ಚುಕಡಿಮೆ ಒಂಟಿಯಾಗಿ ಪೋಷಿಸಿದ ಜರ್ಮನಿಯ ವೆರ್ನರ್ ಕೋಖ್ ಅವರ ಹಣದ ಅಡಚಣೆ ಸುದ್ದಿಯಾದದ್ದು 2015ರಲ್ಲಿ. ಸುದ್ದಿಯಾದೊಡನೆ ದೇಣಿಗೆ ಹರಿದುಬಂತು. ಫೇಸ್‌ಬುಕ್ ಮತ್ತು ಸ್ಟ್ರೈಪ್ ವರ್ಷಕ್ಕೆ ತಲಾ 50,000 ಡಾಲರ್ ಕೊಡಲು ಮುಂದಾದವು.

ಕೊಡುವ ದಾರಿಗಳು

2019ರಲ್ಲಿ ಬಂದ ಗಿಟ್‌ಹಬ್ ಸ್ಪಾನ್ಸರ್ಸ್ ಮೂಲಕ ಕೋಡ್ ಬರೆಯುವವರಿಗೆ ತಿಂಗಳು ತಿಂಗಳು ಹಣ ಕಳಿಸಬಹುದು. ಓಪನ್ ಕಲೆಕ್ಟಿವ್‌ನಲ್ಲಿ ಯೋಜನೆಯ ಜಮಾ-ಖರ್ಚು ಎಲ್ಲರಿಗೂ ಕಾಣುತ್ತದೆ. ಸಂಗೀತದ ಧ್ವನಿಮುದ್ರಣಕ್ಕೆ ಬಳಸುವ ‘ಆರ್ಡರ್’ (Ardour) ತಂತ್ರಾಂಶದ ದಾರಿ ಬೇರೆ: ಸೋರ್ಸ್ ಕೋಡ್ ಎಲ್ಲರಿಗೂ ಉಚಿತ, ಸಿದ್ಧ ಆವೃತ್ತಿ ಬೇಕೆನ್ನುವವರು ಹಣ ಕೊಡುತ್ತಾರೆ. ಒಮ್ಮೆ ದೊಡ್ಡ ಮೊತ್ತ ಕೊಡುವುದಕ್ಕಿಂತ ಪ್ರತಿ ತಿಂಗಳೂ ಬರುವ ಸಣ್ಣ ಮೊತ್ತವೇ ಹೆಚ್ಚು ಉಪಯುಕ್ತ. ಅದನ್ನು ನಂಬಿ ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳಬಹುದು.

ಕಂಪನಿಗಳೂ ನಿಧಿ ತೆರೆಯುತ್ತಿವೆ. ಬೆಂಗಳೂರಿನ ಜೆರೋಧಾ 2024ರಲ್ಲಿ ‘ಫ್ಲಾಸ್ ಫಂಡ್’ ಆರಂಭಿಸಿ, ಜಗತ್ತಿನ ಯಾವುದೇ ಮೂಲೆಯ ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಮೀಸಲಿಟ್ಟಿತು.

ಹಣ ಎಲ್ಲಿಗೆ ಹೋಗುತ್ತದೆ?

ಕೊಡುವ ಮುನ್ನ ಇದನ್ನು ವಿಚಾರಿಸಲೇಬೇಕು. ಮೊಜಿಲ್ಲಾ ಪ್ರತಿಷ್ಠಾನಕ್ಕೆ ಕೊಟ್ಟ ದೇಣಿಗೆ ಫೈರ್‌ಫಾಕ್ಸ್ ತಯಾರಿಕೆಗೆ ಹೋಗುವುದಿಲ್ಲ. ಆ ಬ್ರೌಸರ್ ನಡೆಯುವುದು ಬಹುಮಟ್ಟಿಗೆ ಸರ್ಚ್ ಎಂಜಿನ್ ಒಪ್ಪಂದಗಳ ಆದಾಯದಿಂದ. ಅದೇ ಬಳಗದ ಇಮೇಲ್ ತಂತ್ರಾಂಶ ಥಂಡರ್‌ಬರ್ಡ್‌ಗೆ ಮಾತ್ರ ಬಳಕೆದಾರರ ದೇಣಿಗೆಯೇ ಮುಖ್ಯ ಆಧಾರ, ಅದಕ್ಕೆಂದೇ ಕೊಟ್ಟದ್ದು ಅದಕ್ಕೇ ಸಲ್ಲುತ್ತದೆ.